ತಾರೀಖು ಬಿಡಿ, ವಾರ ಕೇಳಿ

ಎಲ್ಲರಿಗೂ ನಮಸ್ಕಾರ. ಮನೆಯ ಹಿರಿಯರ ನೆನಪುಗಳನ್ನು ಬರೆದಿಡಬೇಕು ಅನ್ನುವ ಆಸೆಯಿಂದ, ಇಷ್ಟು ಟ್ರಾಫಿಕ್ಕಿನಲ್ಲೂ ಬಸವನಗುಡಿಗೆ ಬಂದಿದ್ದೀರಿ. ತುಂಬ ಸಂತೋಷ.

ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ನಿಂತುಬಿಡುತ್ತಾರೆ. ಅಜ್ಜಿಯನ್ನು "ಅಪ್ಪ ಹುಟ್ಟಿದ್ದು ಯಾವ ತಾರೀಖು?" ಅಂತ ಕೇಳುತ್ತೀರಿ. "ಯಾರು ಬರೆದಿಟ್ಟಿದ್ರಪ್ಪಾ" ಅನ್ನುತ್ತಾರೆ. ಶಾಲೆಯ ದಾಖಲೆ ತೆಗೆದು ನೋಡಿದರೆ ಜೂನ್ 1. ಚಿಕ್ಕಪ್ಪನದೂ ಜೂನ್ 1, ಅತ್ತೆಯದೂ ಜೂನ್ 1. ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೊಂದಲಿ ಅಂತ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಅಲ್ಲಿಗೆ ನೀವು ಪುಸ್ತಕ ಮುಚ್ಚಿಬಿಡುತ್ತೀರಿ. ದಯವಿಟ್ಟು ಮುಚ್ಚಬೇಡಿ. ಅದೇ ಅಜ್ಜಿಯನ್ನು "ಯಾವ ವಾರ?" ಅಂತ ಕೇಳಿ. ಉತ್ತರ ಥಟ್ಟನೆ ಬರುತ್ತದೆ.

ಯಾಕೆ ಬರುತ್ತದೆ? ಅವರ ಬದುಕು ನಡೆದದ್ದೇ ವಾರದ ಲೆಕ್ಕದಲ್ಲಿ. ಸಂತೆ ವಾರಕ್ಕೊಮ್ಮೆ. ಕೂಲಿಯ ಬಟವಾಡೆ ವಾರಕ್ಕೊಮ್ಮೆ. ಶನಿವಾರ ಆಂಜನೇಯನ ಗುಡಿ, ಶುಕ್ರವಾರ ಲಕ್ಷ್ಮೀ ಪೂಜೆ, ಸೋಮವಾರ ಒಪ್ಪೊತ್ತು. ಕೊಡಗಿನಲ್ಲಿ ಸೋಮವಾರಪೇಟೆ, ಶನಿವಾರಸಂತೆ ಅಂತ ಊರುಗಳೇ ಇವೆ. ಇಲ್ಲೇ ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ಗೋಡೆಯ ಕ್ಯಾಲೆಂಡರಿನ ಅಂಕಿ ಬೇಕಾಗಿದ್ದು ಕಚೇರಿಗೆ ಹೋಗುವವರಿಗೆ. ಮನೆ ನಡೆಸಿದವರಿಗೆ ಬೇಕಾಗಿದ್ದು ವಾರ. ಹಾಗಾಗಿ ಅವರಿಗೆ ಮರೆವು ಅನ್ನುವುದು ತಪ್ಪು. ಅವರ ಬಳಿ ಇಲ್ಲದ್ದನ್ನು ನಾವು ಕೇಳುತ್ತಿದ್ದೇವೆ, ಅಷ್ಟೇ.

ಇನ್ನೊಂದು ಅನುಕೂಲವಿದೆ. ಕಾಲದ ಲೆಕ್ಕಗಳಲ್ಲಿ ವಾರದಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ತಿಥಿ ಕೆಲವೊಮ್ಮೆ ಲೋಪವಾಗುತ್ತದೆ, ಕೆಲವೊಮ್ಮೆ ಎರಡು ದಿನ ಇರುತ್ತದೆ. ಅಧಿಕಮಾಸ ಬಂದರೆ ತಿಂಗಳೇ ಎರಡು ಸಲ. ಸಂವತ್ಸರದ ಹೆಸರು 60 ವರ್ಷಕ್ಕೆ ಮತ್ತೆ ಬರುತ್ತದೆ. ಇಂಗ್ಲಿಷ್ ತಾರೀಖೂ ಜಾರಿದೆ. 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರ್ ತಿದ್ದಿಸಿದಾಗ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಬ್ರಿಟನ್ ಆ ತಿದ್ದುಪಡಿಯನ್ನು ಒಪ್ಪಿಕೊಂಡದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ಎರಡೂ ಸಲ ತಾರೀಖು ಹಾರಿತು, ವಾರ ಹಾರಲಿಲ್ಲ. 1582ರಲ್ಲಿ ಗುರುವಾರದ ಮರುದಿನ ಶುಕ್ರವಾರವೇ ಬಂತು. 1752ರಲ್ಲಿ ಬುಧವಾರದ ಮರುದಿನ ಗುರುವಾರವೇ ಬಂತು.

ಈಗ ಲೆಕ್ಕಕ್ಕೆ ಬರೋಣ. ತಾರೀಖು ಗೊತ್ತಿರುವ ಒಂದು ಘಟನೆಯಿಂದ ವಾರ ಎಣಿಸುತ್ತ ಹಿಂದೆ ಹೋಗುವುದು, ಅಷ್ಟೇ. ಕಷ್ಟ ಏನಿಲ್ಲ. ನಾಲ್ಕು ವಾರ ಅಂದರೆ 28 ದಿನ. ನಾಲ್ಕು ವಾರ ಹಿಂದೆ ಹೋದರೆ ಸಾಮಾನ್ಯವಾಗಿ ಹಿಂದಿನ ತಿಂಗಳಿಗೆ ಬೀಳುತ್ತೀರಿ. ಆ ತಿಂಗಳಿಗೆ 31 ದಿನ ಇದ್ದರೆ ತಾರೀಖಿಗೆ 3 ಕೂಡಿಸಿ. 30 ದಿನ ಇದ್ದರೆ 2 ಕೂಡಿಸಿ. 28 ದಿನದ ಫೆಬ್ರವರಿಯಾದರೆ ಏನೂ ಕೂಡಿಸಬೇಡಿ. 29 ದಿನದ್ದಾದರೆ 1. ಕೂಡಿಸಿದ ಮೊತ್ತ ಆ ತಿಂಗಳನ್ನೇ ಮೀರಿದರೆ ನೀವು ಇನ್ನೂ ಹೊರಟ ತಿಂಗಳಲ್ಲೇ ಇದ್ದೀರಿ ಅಂತ ಅರ್ಥ. ಆಗ ಹೊರಟ ತಾರೀಖಿನಿಂದ ಸುಮ್ನೆ 28 ಕಳೆಯಿರಿ.

ನಮಗೆಲ್ಲ ಗೊತ್ತಿರುವ ಒಂದು ಸಂಗತಿಯ ಮೇಲೆ ಇದನ್ನು ಪರೀಕ್ಷೆ ಮಾಡೋಣ. ಡಾ. ರಾಜ್‌ಕುಮಾರ್ ಬಿಡುಗಡೆಯಾದದ್ದು 2000ದ ನವೆಂಬರ್ 15, ಬುಧವಾರ. ಅವರು ಕಾಡಿನಲ್ಲಿ ಇದ್ದದ್ದು 108 ದಿನ. ಆ ಸಂಖ್ಯೆ ಕನ್ನಡಿಗರು ಯಾರೂ ಮರೆತಿಲ್ಲ. 108 ಅಂದರೆ 15 ವಾರ, ಮೇಲೆ 3 ದಿನ. ಮೊದಲು ಆ 3 ದಿನ ಹಿಂದೆ ಹೋಗಿ. ನವೆಂಬರ್ 12, ಭಾನುವಾರ. ಇನ್ನು ವಾರ ಬದಲಾಗುವುದಿಲ್ಲ. ನಾಲ್ಕು ವಾರ ಹಿಂದೆ ಅಕ್ಟೋಬರ್ 15. ಮತ್ತೆ ನಾಲ್ಕು ವಾರ, ಸೆಪ್ಟೆಂಬರ್ 17. ಮತ್ತೆ ನಾಲ್ಕು, ಆಗಸ್ಟ್ 20. ಉಳಿದದ್ದು ಮೂರು ವಾರ, ಜುಲೈ 30. ಭಾನುವಾರ. ಗಾಜನೂರಿನಿಂದ ಅವರನ್ನು ಕರೆದುಕೊಂಡು ಹೋದದ್ದು ಅದೇ ಭಾನುವಾರ ರಾತ್ರಿ. ಕಾಗದ ಪೆನ್ನು ಏನೂ ಬೇಕಾಗಲಿಲ್ಲ, ಅಲ್ವಾ?

ವರ್ಷಗಟ್ಟಲೆ ಹಿಂದೆ ಹೋಗುವುದೂ ಹೀಗೇ. 365 ದಿನ ಅಂದರೆ 52 ವಾರ, ಮೇಲೆ 1 ದಿನ. ಹಾಗಾಗಿ ಅದೇ ತಾರೀಖಿನ ವಾರ ಹಿಂದಿನ ವರ್ಷ ಒಂದು ದಿನ ಹಿಂದಿತ್ತು. ಈ ವರ್ಷ ಶುಕ್ರವಾರವಾದರೆ ಹೋದ ವರ್ಷ ಗುರುವಾರ. ನಡುವೆ ಫೆಬ್ರವರಿ 29 ಬಂದಿದ್ದರೆ ಬುಧವಾರ. ಜಾಸ್ತಿ ದೂರ ಹೋಗಬೇಕಾದರೆ 28 ವರ್ಷ ಒಟ್ಟಿಗೆ ಹಾರಿ. 1901ರಿಂದ 2099ರವರೆಗೆ, 28 ವರ್ಷಕ್ಕೊಮ್ಮೆ ಇಡೀ ಕ್ಯಾಲೆಂಡರ್ ಹಾಗೇ ಮರುಕಳಿಸುತ್ತದೆ. 1980ರ ಕ್ಯಾಲೆಂಡರ್ ಬೇಕಾದರೆ 2008ರದ್ದು ನೋಡಿ. 1956ಕ್ಕೆ 2012.

1956 ಅಂದಾಗ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಹೇಳಲೇಬೇಕು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಅದು ಗುರುವಾರ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದೂ ಗುರುವಾರ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೂ ಗುರುವಾರವೇ. ಕೊನೆಯ ಎರಡರ ನಡುವೆ 17 ವರ್ಷ, ಅದರಲ್ಲಿ ನಾಲ್ಕು ಅಧಿಕ ವರ್ಷಗಳು. 17ಕ್ಕೆ 4 ಕೂಡಿಸಿದರೆ 21, ಅಂದರೆ ಸರಿಯಾಗಿ ಮೂರು ವಾರ. ಅದಕ್ಕೇ ವಾರ ಮತ್ತೆ ಅಲ್ಲಿಗೇ ಬಂದು ನಿಂತಿತು.

ವರ್ಷದ ಒಳಗೆ ಓಡಾಡಲು ಇನ್ನೊಂದು ಉಪಾಯವಿದೆ. ಇಂಗ್ಲೆಂಡಿನ ಗಣಿತಜ್ಞ ಜಾನ್ ಕಾನ್ವೇ ತಮ್ಮ ವಾರ ಹುಡುಕುವ ವಿಧಾನದಲ್ಲಿ ಇದನ್ನು ಬಳಸಿದರು. ನಾಲ್ಕನೇ ತಿಂಗಳ 4, ಆರನೇ ತಿಂಗಳ 6, ಎಂಟರ 8, ಹತ್ತರ 10, ಹನ್ನೆರಡರ 12. ಯಾವುದೇ ವರ್ಷ ತೆಗೆದುಕೊಳ್ಳಿ, ಈ ಐದೂ ಒಂದೇ ವಾರ ಬರುತ್ತವೆ. ಒಂದರಿಂದ ಇನ್ನೊಂದಕ್ಕೆ 63 ದಿನ, ಸರಿಯಾಗಿ ಒಂಬತ್ತು ವಾರ. ಇವನ್ನು ದಾರಿಯ ಮೈಲಿಗಲ್ಲುಗಳ ಹಾಗೆ ಇಟ್ಟುಕೊಳ್ಳಿ. 1962ರಲ್ಲಿ ಇವೆಲ್ಲ ಬುಧವಾರ. ಚಿಕ್ಕಮ್ಮ "ನಮ್ಮ ಮದುವೆ ಅರವತ್ತೆರಡರ ಜೂನ್ ಮೊದಲ ಸೋಮವಾರ" ಅಂದರೆ, ಜೂನ್ 6 ಬುಧವಾರ, ಆದ್ದರಿಂದ ಸೋಮವಾರ ಜೂನ್ 4. ಲಗ್ನಪತ್ರಿಕೆ ಕಳೆದುಹೋಗಿದ್ದರೂ ತಾರೀಖು ಸಿಕ್ಕಿತು.

ಆದರೆ ಅಷ್ಟು ನೇರವಾಗಿ ಯಾರೂ ಹೇಳುವುದಿಲ್ಲ. ಹಿರಿಯರ ಮಾತು ಇನ್ನೊಂದು ಘಟನೆಯನ್ನು ಹಿಡಿದುಕೊಂಡು ಬರುತ್ತದೆ. ಆ ಘಟನೆಯೇ ನಮಗೆ ಆಧಾರ. 1980ರ ಫೆಬ್ರವರಿ 16ರ ಸೂರ್ಯಗ್ರಹಣ ಇಂಥ ಒಂದು ಒಳ್ಳೆಯ ಆಧಾರ. ಅವತ್ತು ಶನಿವಾರ. ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಕಡೆ ಪೂರ್ಣಗ್ರಹಣ, ಬೆಂಗಳೂರಿನಲ್ಲಿ ಪಾರ್ಶ್ವ. ಮಧ್ಯಾಹ್ನದ ಹೊತ್ತಿನಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಅದನ್ನು ಕಂಡವರು ಮರೆಯುವುದಿಲ್ಲ.

ಒಬ್ಬ ಅಜ್ಜಿ ಹೀಗೆ ಹೇಳುತ್ತಾರೆ ಅಂದುಕೊಳ್ಳೋಣ: "ಗ್ರಹಣದ ಹೊತ್ತಿಗೆ ನಾನು ಬಾಣಂತಿ. ಮಗು ಹುಟ್ಟಿದ್ದು ಗುರುವಾರ. ಗ್ರಹಣಕ್ಕೆ ಐದು ವಾರ ತುಂಬಿತ್ತು." ಗ್ರಹಣಕ್ಕೆ ಮುಂಚಿನ ಗುರುವಾರ ಫೆಬ್ರವರಿ 14. ಅಲ್ಲಿಂದ ನಾಲ್ಕು ವಾರ ಹಿಂದೆ ಜನವರಿ 17. ಇನ್ನೊಂದು ವಾರ, ಜನವರಿ 10. ಇಲ್ಲಿಗೆ ನಿಲ್ಲಿಸಬೇಡಿ. "ಸಂಕ್ರಾಂತಿಗೆ ಮುಂಚೆಯೋ ಆಮೇಲೋ?" ಅಂತ ಕೇಳಿ. "ಮುಂಚೆ, ಆ ವರ್ಷ ನಾನು ಎಳ್ಳು ಬೀರಲಿಲ್ಲ" ಅಂದರೆ ಲೆಕ್ಕ ಕೂಡಿತು. ಚಂದ್ರನನ್ನೂ ಕೇಳಿ. ಸೂರ್ಯಗ್ರಹಣ ಅಂದರೆ ಅಮಾವಾಸ್ಯೆ. ಅದರ ಹಿಂದಿನ ಅಮಾವಾಸ್ಯೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ ಮುಂಚೆ, ಜನವರಿ 17ರ ಆಸುಪಾಸು. ಅದಕ್ಕೂ ಒಂದು ವಾರ ಹಿಂದೆ ಅಂದರೆ ಬಹುಳ ಅಷ್ಟಮಿಯ ಸಮೀಪ. ಅಜ್ಜಿ ತಾವಾಗಿಯೇ "ಅಷ್ಟಮಿಯೋ ಸಪ್ತಮಿಯೋ ಇತ್ತು" ಅಂದರೆ ನೀವು ಧೈರ್ಯವಾಗಿ ಬರೆದುಕೊಳ್ಳಬಹುದು. ಯಾಕೆಂದರೆ ಊಹೆಯ ತಾರೀಖೊಂದಕ್ಕೆ ವಾರ ಸುಮ್ನೆ ಹೊಂದಿಕೊಳ್ಳುವ ಸಾಧ್ಯತೆ ಏಳರಲ್ಲಿ ಒಂದು. ವಾರವೂ ತಿಥಿಯೂ ಎರಡೂ ಸುಮ್ನೆ ಹೊಂದಿಕೊಳ್ಳುವ ಸಾಧ್ಯತೆ ಸುಮಾರು 210ರಲ್ಲಿ ಒಂದು.

ಎರಡು ಕಡೆ ಎಚ್ಚರ ಬೇಕು. ನಮ್ಮ ಹಿರಿಯರು ಮೊದಲ ದಿನವನ್ನೂ ಸೇರಿಸಿ ಎಣಿಸುತ್ತಾರೆ. ಸೋಮವಾರದಿಂದ ಮುಂದಿನ ಸೋಮವಾರಕ್ಕೆ "ಎಂಟು ದಿನ". ಎರಡು ವಾರಕ್ಕೆ "ಹದಿನೈದು ದಿನ". ಹುಟ್ಟಿದ ಹನ್ನೊಂದನೇ ದಿನ ನಾಮಕರಣ ಅಂದರೆ ಹತ್ತು ದಿನ ಹಿಂದೆ ಹೋಗಬೇಕು, ಹನ್ನೊಂದಲ್ಲ. ವಾರದ ಹೆಸರು ಕೇಳಿಕೊಂಡಿದ್ದರೆ ಈ ಒಂದು ದಿನದ ವ್ಯತ್ಯಾಸ ತಕ್ಷಣ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಇದಕ್ಕಿಂತ ಮುಖ್ಯ. ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಗಡಿಯಾರದಲ್ಲಿ ಮಧ್ಯರಾತ್ರಿಗೆ. ರಾತ್ರಿ ಎರಡು ಗಂಟೆಗೆ ಮಗು ಹುಟ್ಟಿದರೆ ಅಜ್ಜಿಗೆ ಅದು ಸೋಮವಾರ ರಾತ್ರಿ, ಆಸ್ಪತ್ರೆಯ ಕಾಗದದಲ್ಲಿ ಮಂಗಳವಾರ. ಜಾತಕದಲ್ಲಿ ಒಂದು ವಾರ, ಜನನ ಪತ್ರದಲ್ಲಿ ಇನ್ನೊಂದು. ಎಷ್ಟೋ ಮನೆಗಳಲ್ಲಿ ಇದನ್ನು ನೋಡಿ "ಅಜ್ಜಿಗೆ ನೆನಪಿಲ್ಲ" ಅಂತ ಅವರ ಮಾತನ್ನು ಪಕ್ಕಕ್ಕೆ ತಳ್ಳುತ್ತಾರೆ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಎರಡೂ ಸರಿ. ಅಷ್ಟೇ ಅಲ್ಲ, ಆ ಒಂದು ದಿನದ ವ್ಯತ್ಯಾಸ ನಮಗೆ ಹೊಸ ಸುಳಿವು ಕೊಡುತ್ತದೆ. ಮಗು ಮಧ್ಯರಾತ್ರಿಗೂ ಬೆಳಗಿಗೂ ನಡುವೆ ಹುಟ್ಟಿರಬೇಕು. "ಬೆಳಕು ಹರಿದಿತ್ತಾ?" ಅಂತ ಕೇಳಿ ನೋಡಿ. ಗಂಟೆ ಕೂಡ ಹತ್ತಿರ ಹತ್ತಿರ ಸಿಗುತ್ತದೆ.

ಹೀಗೆ ವಾರ ಹಿಡಿದು ತಾಳೆ ನೋಡುವುದು ಹೊಸದೇನಲ್ಲ, ಶಾಸನ ಓದುವವರ ಹಳೆಯ ದಾರಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು 1886ರಿಂದ ಬರತೊಡಗಿದವು. ಅದರಲ್ಲಿನ ಶಾಸನಗಳನ್ನು ತಿರುವಿ ನೋಡಿ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ಆಮೇಲೆ ಎಷ್ಟೋ ಕಡೆ ಆದಿತ್ಯವಾರ, ಸೋಮವಾರ ಅಂತ ವಾರ. ವಾರ ಕೂಡಿದರೆ ಕಾಲ ಗಟ್ಟಿ. ಕೂಡದಿದ್ದರೆ ಓದಿನಲ್ಲೋ ಕೆತ್ತನೆಯಲ್ಲೋ ಏನೋ ಇದೆ ಅಂತ ಮತ್ತೆ ನೋಡಬೇಕು. ಈ ಕೆಲಸಕ್ಕಾಗಿಯೇ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ ಅವರು ಕ್ರಿ.ಶ. 700ರಿಂದ 1799ರವರೆಗಿನ ಕೋಷ್ಟಕಗಳನ್ನು ಮಾಡಿಟ್ಟರು. ಮಧ್ಯಪ್ರದೇಶದ ಏರಣ್‌ನಲ್ಲಿ ಗುಪ್ತ ವಂಶದ ಅರಸ ಬುಧಗುಪ್ತನ ಕಾಲದ ಒಂದು ಕಂಬವಿದೆ. ಗುಪ್ತ ವರ್ಷ 165, ಆಷಾಢ ಶುದ್ಧ ದ್ವಾದಶಿ, ಗುರುವಾರ ಅಂತ ಅದರಲ್ಲಿದೆ. ಅದು ಕ್ರಿ.ಶ. 484ರ ಜೂನ್ 21. ವಾರ ಹೇಳುವ ನಮ್ಮ ದೇಶದ ತೀರಾ ಹಳೆಯ ಶಾಸನಗಳಲ್ಲಿ ಅದೂ ಒಂದು. ಗುಪ್ತರ ಶಕೆ ಯಾವಾಗ ಶುರುವಾಯಿತು ಅನ್ನುವ ಚರ್ಚೆಯಲ್ಲಿ ಆ ಒಂದು ಗುರುವಾರ ಗಟ್ಟಿ ಸಾಕ್ಷಿಯಾಯಿತು.

ಗರ್ಭಿಣಿಯರ ಲೆಕ್ಕವೂ ವಾರದ್ದೇ. ಕೊನೆಯ ಮುಟ್ಟಿನ ಮೊದಲ ದಿನದಿಂದ ಹೆರಿಗೆಯ ಅಂದಾಜು ತಾರೀಖಿಗೆ 280 ದಿನ, ಅಂದರೆ 40 ವಾರ. ಹಾಗಾಗಿ ತಾಯಿ ಕಾರ್ಡಿನಲ್ಲಿ ಬರೆದ ಆ ಎರಡು ತಾರೀಖುಗಳೂ ಒಂದೇ ವಾರ ಬೀಳಬೇಕು. ಬೀಳದಿದ್ದರೆ ಎಣಿಕೆ ತಪ್ಪಿರಬಹುದು, ದಿನದ ಬದಲು ತಿಂಗಳ ಲೆಕ್ಕದಲ್ಲಿ ಎಣಿಸಿರಬಹುದು, ಅಥವಾ ಸ್ಕ್ಯಾನ್ ನೋಡಿ ಡಾಕ್ಟರು ತಾರೀಖು ತಿದ್ದಿರಬಹುದು.

ಬರೆದಿಡುವಾಗ ಸಿಕ್ಕಿದ ತಾರೀಖೊಂದನ್ನೇ ಬರೆಯಬೇಡಿ. ಅಜ್ಜಿ ಆಡಿದ ಮಾತನ್ನು ಅವರದೇ ಮಾತಿನಲ್ಲಿ ಬರೆಯಿರಿ. ಕೆಳಗೆ ಯಾವ ಘಟನೆಯಿಂದ ಎಷ್ಟು ವಾರ ಹಿಂದೆ ಹೋದಿರಿ ಅಂತ ಬರೆಯಿರಿ. ಅದರ ಕೆಳಗೆ ತಾರೀಖು, ಪಕ್ಕದಲ್ಲಿ ವಾರ. ನಾಳೆ ಇನ್ನೊಬ್ಬರಿಗೆ ಹಳೆಯ ಕಾಗದ ಸಿಕ್ಕಿದರೆ ಅವರು ಲೆಕ್ಕವನ್ನು ಮೊದಲಿನಿಂದ ನೋಡಬಹುದು. ಸರ್ಕಾರಿ ದಾಖಲೆಯ ಜೂನ್ 1 ಅದರ ಪಾಡಿಗೆ ಅದು ಇರಲಿ. ಇದು ಮನೆಯ ಪುಸ್ತಕಕ್ಕೆ.

ನಿಮ್ಮಲ್ಲಿ ಕೆಲವರು ಹಳೆಯ ಲಗ್ನಪತ್ರಿಕೆ, ಜಾತಕ ತಂದಿದ್ದೀರಿ ಅಂತ ಕೇಳಿದೆ. ಒಂದೊಂದಾಗಿ ತೆಗೆಯಿರಿ, ಒಟ್ಟಿಗೆ ಎಣಿಸೋಣ. ಆದರೆ ಮೊದಲು ಅದರಲ್ಲಿ ಬರೆದ ವಾರ ಓದಿ, ತಾರೀಖು ಆಮೇಲೆ ನೋಡೋಣ.