ಸಿಯೋಲ್ ದಾಟಿ ಕೊರಿಯಾ ನೋಡಿ

ಕೇಳುಗರಿಗೆ ನಮಸ್ಕಾರ.

ಓದಲಿಕ್ಕೋ ಕೆಲಸಕ್ಕೋ ದಕ್ಷಿಣ ಕೊರಿಯಾಕ್ಕೆ ಹೊರಟಿದ್ದೀರಾ? ಇಲ್ಲ, ಸುಮ್ನೆ ನೋಡಿಕೊಂಡು ಬರೋಣ ಅಂತಲಾ? ಯಾವುದಾದರೂ ಸರಿ, ನಿಮಗೆ ಒಂದು ಮಾತು ಹೇಳಬೇಕು. ಬಹಳ ಜನ ರಾಜಧಾನಿ ಸಿಯೋಲ್ ಒಂದನ್ನೇ ಸುತ್ತಿ ವಾಪಸ್ ಬರುತ್ತಾರೆ. ಹಾಗೆ ಮಾಡಬೇಡಿ. ಐದು ದಿನ ಇದ್ದರೆ ಸಿಯೋಲ್‌ಗೆ ಎರಡು ದಿನ ಕೊಡಿ. ಉಳಿದ ಮೂರು ದಿನಕ್ಕೆ ದಕ್ಷಿಣದ ಕಡೆ ರೈಲು ಹತ್ತಿ.

ವಿಮಾನ ಇಳಿಯುವುದು ಸಿಯೋಲ್ ಪಕ್ಕದ ಇಂಚಿಯೋನ್‌ನಲ್ಲಿ. ಅಲ್ಲೇ ಅಂಗಡಿಯಲ್ಲಿ ಟಿ-ಮನಿ ಕಾರ್ಡ್ ಕೊಂಡು ದುಡ್ಡು ಹಾಕಿಸಿಕೊಳ್ಳಿ. ಮೆಟ್ರೋಗೂ ಬಸ್ಸಿಗೂ ಅದೊಂದೇ ಸಾಕು. ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ತಾಗಿಸಿ. ದಾರಿ ಹುಡುಕಲು ಅಲ್ಲಿಯವರು ಬಳಸುವ ನೇವರ್ ಮ್ಯಾಪನ್ನೇ ಫೋನಿಗೆ ಹಾಕಿಕೊಳ್ಳಿ.

ಹೊರಡುವ ಮೊದಲೇ ಅಲ್ಲಿನ ಲಿಪಿ ಕಲಿತುಬಿಡಿ. ದೊರೆ ಸೆಜೊಂಗ್ 1446ರಲ್ಲಿ ತನ್ನ ಜನರಿಗೆ ಕೊಟ್ಟ ಲಿಪಿ, ಹಂಗುಲ್. ಈಗ ಬಳಕೆಯಲ್ಲಿರುವ ಮೂಲ ಅಕ್ಷರ 24 ಅಷ್ಟೇ. ವ್ಯಂಜನ, ಸ್ವರ ಎರಡನ್ನೂ ಸೇರಿಸಿ ಒಂದು ಚೌಕದಲ್ಲಿ ಕೂರಿಸುತ್ತಾರೆ. ಕಾಗುಣಿತ ತಿದ್ದಿ ಬೆಳೆದ ನಮಗೆ ಇದೇನು ಕಷ್ಟ ಅಲ್ವಾ? ಬೋರ್ಡ್ ಓದಲು ಬಂದರೆ ಊರಿನ ಅರ್ಧ ಭಯ ಹೋಗುತ್ತದೆ. ಅಂದ ಹಾಗೆ, ಅಲ್ಲಿನ ಮಕ್ಕಳೂ ತಂದೆಯನ್ನು ಕರೆಯುವುದು 'ಅಪ್ಪಾ' ಅಂತಲೇ.

ಸಿಯೋಲ್‌ನಲ್ಲಿ 1395ರಲ್ಲಿ ಕಟ್ಟಿದ ಗ್ಯೊಂಗ್‌ಬೊಕ್ ಅರಮನೆ ನೋಡಿ. ಆಮೇಲೆ ಗ್ವಾಂಗ್‌ಜಾಂಗ್ ಮಾರ್ಕೆಟ್‌ಗೆ ಬನ್ನಿ. ಅಲ್ಲಿ ನಮ್ಮ ಬೀಸುವ ಕಲ್ಲಿನಂಥದ್ದೇ ಕಲ್ಲುಗಳು ಮೋಟಾರಿನಲ್ಲಿ ತಿರುಗುತ್ತಿರುತ್ತವೆ. ನೆನೆಸಿದ ಹೆಸರುಬೇಳೆ ಮೇಲಿಂದ ಬೀಳುತ್ತದೆ, ಕಲ್ಲಿನ ಸುತ್ತ ಹಿಟ್ಟು ಇಳಿಯುತ್ತದೆ. ಅದಕ್ಕೆ ಮೊಳಕೆಕಾಳು ಬೆರೆಸಿ, ಎಣ್ಣೆ ಧಾರಾಳವಾಗಿ ಬಿಟ್ಟು, ಅಂಚು ಗರಿಗರಿ ಆಗುವ ತನಕ ದಪ್ಪಗೆ ಬೇಯಿಸುತ್ತಾರೆ. ಇದರ ಹೆಸರು ಬಿಂದೆತ್ತೊಕ್. ಸಸ್ಯಾಹಾರಿಗಳು ಎಚ್ಚರ, ಹಿಟ್ಟಿಗೆ ಹಂದಿಮಾಂಸ ಸೇರಿಸುವುದೂ ಉಂಟು. 'ಕೋಗಿ ಪ್ಪೆ ಜುಸೆಯೊ' ಅನ್ನಿ. ಮಾಂಸ ಬಿಟ್ಟು ಕೊಡಿ ಅಂತ ಅರ್ಥ. ಊಟದ ಜೊತೆ ಕೊಡುವ, ಹುಳಿ ಬರಿಸಿದ ತರಕಾರಿ ಕಿಮ್ಚಿಯಲ್ಲೂ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ. ಬೌದ್ಧ ದೇಗುಲಗಳ ಊಟ ಮಾತ್ರ ನಿಶ್ಚಿಂತೆ. ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ.

ಸಿಯೋಲ್‌ನಿಂದ ಉತ್ತರಕ್ಕೆ, ಎರಡೂ ಕೊರಿಯಾಗಳ ಗಡಿ ನೋಡಲು ಪ್ರವಾಸದ ಬಸ್ಸುಗಳಿವೆ. ಕನ್ನಡಿಗರು ಅಲ್ಲಿ ಒಬ್ಬರನ್ನು ನೆನೆಯಲೇಬೇಕು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ಕಡೆಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಉಳಿದಿದ್ದರು. ಅವರ ಹೊಣೆ ಹೊತ್ತ ತಟಸ್ಥ ದೇಶಗಳ ಆಯೋಗಕ್ಕೆ ನಮ್ಮ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರು ಅಧ್ಯಕ್ಷರು. ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡುವುದು ಆಗಿನ ದಕ್ಷಿಣ ಕೊರಿಯಾ ಸರ್ಕಾರಕ್ಕೆ ಇಷ್ಟವಿರಲಿಲ್ಲ. ಹಾಗಾಗಿ ಇಂಚಿಯೋನ್‌ಗೆ ಹಡಗಿನಲ್ಲಿ ಬಂದವರನ್ನು ಹೆಲಿಕಾಪ್ಟರಿನಲ್ಲಿ ನೇರ ಗಡಿಪಟ್ಟಿಗೆ ಒಯ್ದರು. ನಾವು ಈಗ ಚೀಲ ಎಳೆದುಕೊಂಡು ಹಾಯಾಗಿ ಇಳಿಯುವುದು ಅದೇ ಊರಿನಲ್ಲಿ.

ಇನ್ನು ದಕ್ಷಿಣಕ್ಕೆ ಹೋಗೋಣ. ವೇಗದ ಕೆಟಿಎಕ್ಸ್ ರೈಲಿನಲ್ಲಿ ಎರಡು ಗಂಟೆ ಕೂತರೆ ಗ್ಯೊಂಗ್ಜು. ನನ್ನ ಮನಸ್ಸು ನಿಂತಿರುವುದು ಈ ಊರಿನಲ್ಲೇ. ಸಿಲ್ಲಾ ರಾಜ್ಯಕ್ಕೆ ಹತ್ತಿರಹತ್ತಿರ ಸಾವಿರ ವರ್ಷ ಇದೇ ರಾಜಧಾನಿ. ಊರ ನಡುವೆಯೇ ಹಸಿರು ಹುಲ್ಲಿನ ದುಂಡು ಗುಡ್ಡಗಳು ಎದ್ದು ನಿಂತಿವೆ. ಅವು ಗುಡ್ಡಗಳಲ್ಲ, ರಾಜರ ಸಮಾಧಿಗಳು. ಚೊನ್ಮಾಚೊಂಗ್ ಎಂಬ ಸಮಾಧಿಯೊಳಗೆ ಹೋಗಿಯೇ ನೋಡಬಹುದು. ಸಂಜೆ ಹೊತ್ತು ಇವುಗಳ ನಡುವೆ ನಿಧಾನಕ್ಕೆ ನಡೆಯಿರಿ. ಬೆಳಗ್ಗೆ ಬುಲ್ಗುಕ್ಸಾ ದೇಗುಲಕ್ಕೆ, ಅಲ್ಲಿಂದ ಬೆಟ್ಟದ ಮೇಲಿನ ಸೊಕ್ಕುರಾಮ್ ಗುಹೆಗೆ ಹೋಗಿ. ಅಲ್ಲಿ ಕಲ್ಲಿನ ಬುದ್ಧ ಪೂರ್ವದ ಕಡಲಿನತ್ತ ಮುಖ ಮಾಡಿ ಕೂತಿದ್ದಾನೆ. ಎಂಟನೇ ಶತಮಾನದ ಕೆಲಸ ಅದು. ಗಾಜಿನ ಈಚೆ ನಿಂತು ನೋಡಿದರೂ ಕಣ್ಣು ಕೀಳಲಾಗುವುದಿಲ್ಲ.

ಬೂಸಾನ್ ಅಲ್ಲಿಂದ ಹತ್ತಿರ. ದೊಡ್ಡ ಬಂದರು, ಜಗಾಲ್ಚಿ ಮೀನು ಮಾರುಕಟ್ಟೆ, ಹೆಉಂದೆ ಕಡಲತೀರ. ಗುಡ್ಡದ ಮೇಲೆ ಬಣ್ಣಬಣ್ಣದ ಮನೆಗಳ ಗಮ್‌ಚೊನ್ ಕೇರಿ ಇದೆ. ಯುದ್ಧದ ಕಾಲದಲ್ಲಿ ಎಲ್ಲಾ ಕಳೆದುಕೊಂಡು ಬಂದ ಜನ ನೆಲೆ ಕಂಡ ಜಾಗ ಅದು. ಇವತ್ತಿಗೂ ಅಲ್ಲಿ ಸಂಸಾರಗಳಿವೆ. ಫೋಟೋ ತೆಗೆಯುವಾಗ ಬಾಗಿಲು, ಕಿಟಕಿಗಳಲ್ಲಿ ಇಣುಕಬೇಡಿ.

ಕೊನೆಗೆ ಜೆಜು ದ್ವೀಪ. ಜ್ವಾಲಾಮುಖಿಯಿಂದ ಹುಟ್ಟಿದ ನೆಲ ಇದು. ದೇಶದ ಅತಿ ಎತ್ತರದ ಹಲ್ಲಾಸಾನ್ ಬೆಟ್ಟ ಇರುವುದೂ ಇಲ್ಲೇ. ಆದರೆ ನೀವು ಕಡಲ ದಂಡೆಗೆ ಹೋಗಿ. ಹೆನ್ಯೊ ಎಂಬ ಹೆಂಗಸರು, ಅರವತ್ತು ಎಪ್ಪತ್ತು ದಾಟಿದ ಅಜ್ಜಿಯರೇ ಜಾಸ್ತಿ, ಆಮ್ಲಜನಕದ ಸಿಲಿಂಡರ್ ಇಲ್ಲದೆ, ಬರೀ ಉಸಿರು ಕಟ್ಟಿ ಮುಳುಗಿ, ಕಪ್ಪೆಚಿಪ್ಪು, ಕಡಲಪಾಚಿ ತರುತ್ತಾರೆ. ಮೇಲೆ ಬಂದಾಗ ಬಿಗಿಹಿಡಿದ ಉಸಿರು ಸಿಳ್ಳೆಯಂತೆ ಹೊರಬರುತ್ತದೆ. ಅದಕ್ಕೆ 'ಸುಂಬಿಸೊರಿ' ಅಂತ ಹೆಸರೇ ಇದೆ. ಕ್ಯಾಮೆರಾ ಚೀಲದೊಳಗಿಟ್ಟು, ಅಲೆಗಳ ಮಧ್ಯೆ ಆ ಸಿಳ್ಳೆ ಕೇಳುವ ತನಕ ಕಪ್ಪು ಬಂಡೆಯ ಮೇಲೆ ಕೂತಿರಿ.

ನಮಸ್ಕಾರ.