ನೇರಳೆ ಬಣ್ಣವನ್ನು ನಂಬುವ ಮುನ್ನ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ನಮ್ಮೂರು ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿ ಹತ್ತಿರ. ಕಾಕಾ ಗೋವಿನಜೋಳಕ್ಕೆ ಹೊಡೆಯೋಣ ಅಂತ ಪಂಪಿಗೆ ನೀರು ತುಂಬುತ್ತಿದ್ದರು. ಪಕ್ಕದಲ್ಲಿ ನ್ಯಾನೊ ಯೂರಿಯಾ ಎಂಬ ದ್ರವ ಗೊಬ್ಬರದ ಅರ್ಧ ಲೀಟರಿನ ಬಾಟಲಿ ಇತ್ತು. ನನ್ನನ್ನು ನೋಡಿ ಕೇಳಿದರು: "ಯವ್ವಾ, ನೀ ಧಾರವಾಡದಾಗ ಇಂಥಾವನ್ನ ಪರೀಕ್ಷೆ ಮಾಡತಿ ಅಂತಲ್ಲ. ಇದು ಮೈಮ್ಯಾಲೆ ಬಿದ್ರ ಏನೂ ಆಗಂಗಿಲ್ಲೇನು?"

ನಾನು ಆ ಬಾಟಲಿಯನ್ನು ಪರೀಕ್ಷೆ ಮಾಡಿದವಳಲ್ಲ. ನನ್ನ ಕೆಲಸ ಬೇರೆ ನ್ಯಾನೊ ಕಣಗಳದ್ದು. ಲ್ಯಾಬಿನಲ್ಲಿ ಜೀವಕೋಶ ಬೆಳೆಸಿ, ಅವುಗಳ ಮೇಲೆ ಆ ಕಣಗಳನ್ನು ಹಾಕಿ, ಕೋಶ ಬದುಕುತ್ತದೋ ಸಾಯುತ್ತದೋ ನೋಡುವುದು. ಆದರೂ ಕಾಕಾ ಕೇಳಿದ ಮಾತು ತಲೆಯಲ್ಲಿ ಉಳಿಯಿತು. ಯಾಕೆಂದರೆ "ಪರೀಕ್ಷೆ ಆಗಿದೆ, ಏನೂ ಆಗಲ್ಲ" ಎಂದು ಹೇಳುವ ಮೊದಲು, ಆ ಪರೀಕ್ಷೆ ಸರಿಯಾಗಿತ್ತಾ ಅಂತ ಕೇಳಬೇಕಾಗುತ್ತದೆ. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಈ ಕಣ ಎಷ್ಟು ಸಣ್ಣದು ಅಂತ ನೋಡೋಣ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಒಳಗಿನ ಕಣಕ್ಕೆ ನ್ಯಾನೊ ಕಣ ಎನ್ನುತ್ತೇವೆ. ಸಣ್ಣದಾದರೆ ಏನಾಯಿತು ಅಂತೀರಾ? ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ದಾಳ ಇದೆ ಅಂದುಕೊಳ್ಳಿ. ಅದರ ಆರೂ ಮುಖ ಸೇರಿಸಿದರೆ ಕೈಯ ಒಂದು ಬೆರಳಿನಷ್ಟೂ ಜಾಗ ಆಗುವುದಿಲ್ಲ. ಅದೇ ದಾಳವನ್ನು ಒಂದೊಂದು ನ್ಯಾನೊಮೀಟರಿನ ಚೂರು ಮಾಡಿ, ಎಲ್ಲ ಚೂರುಗಳ ಮೈಯನ್ನು ಹಾಸಿದರೆ 6000 ಚದರ ಮೀಟರ್. ಹತ್ತಿರ ಹತ್ತಿರ ಒಂದೂವರೆ ಎಕರೆ ಹೊಲ! ವಸ್ತು ಅದೇ, ತೂಕ ಅದೇ, ಆದರೆ ಹೊರಗಿನ ಮೈ ಇಷ್ಟು ಜಾಸ್ತಿ. ಹಾಗಾಗಿ ಅದರ ಗುಣವೂ ಬದಲಾಗುತ್ತದೆ. ಬಿಸಿಲಿಗೆ ಹಚ್ಚುವ ಕ್ರೀಮಿನಲ್ಲಿ ಸತುವಿನ ಆಕ್ಸೈಡ್, ಗಾಯದ ಪಟ್ಟಿಯಲ್ಲಿ ಬೆಳ್ಳಿ, ಹೀಗೆ ಈ ಕಣಗಳು ಆಗಲೇ ನಮ್ಮ ಮೈಮುಟ್ಟಿವೆ.

ಪರೀಕ್ಷೆ ಹೇಗೆ ಮಾಡುತ್ತೇವೆ ಹೇಳುತ್ತೇನೆ. ಪಡ್ಡಿನ ಹಂಚು ನೋಡಿದ್ದೀರಲ್ವಾ? ಅಂಗೈಯಷ್ಟಿನ ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಹಾಗೇ ಗುಳಿಗಳಿರುತ್ತವೆ. ಸಾಲಿಗೆ 12ರಂತೆ 8 ಸಾಲು, ಒಟ್ಟು 96. ಒಂದೊಂದು ಗುಳಿಗೂ ಸಾವಿರಾರು ಜೀವಕೋಶ ಹಾಕಿ, ಅವು ಬೆಳೆಯುವ ದ್ರವ ಹಾಕಿ, 37 ಡಿಗ್ರಿಯಲ್ಲಿ ಇಡುತ್ತೇವೆ. ಅದು ನಮ್ಮ ಮೈಯ ಬಿಸಿ. ಮರುದಿನ ಕೋಶಗಳು ತಳಕ್ಕೆ ಅಂಟಿಕೊಂಡಿರುತ್ತವೆ. ಆಗ ನ್ಯಾನೊ ಕಣ ಹಾಕಿ ಇನ್ನೊಂದು ದಿನ ಬಿಡುತ್ತೇವೆ. ಕೊನೆಗೆ ಎಂಟಿಟಿ ಎಂಬ ಹಳದಿ ಬಣ್ಣ ಹಾಕುವುದು. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತ ಕೋಶಕ್ಕೆ ಅದು ಆಗುವುದಿಲ್ಲ. ಆ ನೇರಳೆ ಹರಳುಗಳನ್ನು ಕರಗಿಸಿ, ಗುಳಿಯ ಮೂಲಕ ಬೆಳಕು ಹಾಯಿಸಿ, ಬಣ್ಣ ಎಷ್ಟು ಗಾಢ ಅಂತ ಯಂತ್ರ ಓದುತ್ತದೆ. 1983ರಿಂದ ಈ ಪದ್ಧತಿ ಇದೆ. ಅಗ್ಗ, ಸುಲಭ. ಜಗತ್ತಿನ ಲ್ಯಾಬುಗಳೆಲ್ಲ ಇದನ್ನು ಮಾಡುತ್ತವೆ.

ಅಂದರೆ ಇಡೀ ತೀರ್ಪು ಬಣ್ಣದ ಮೇಲೆ ನಿಂತಿದೆ.

ಬಣ್ಣದ ಮೇಲೆ ತೀರ್ಪು ಕೊಡುವುದು ನಮ್ಮ ಬ್ಯಾಡಗಿಯವರಿಗೆ ಹೊಸದಲ್ಲ. ನಮ್ಮಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಬ್ಯಾಡಗಿ ಕಾಯಿಗೆ ದರ ಸಿಗುವುದು ಖಾರಕ್ಕಲ್ಲ, ಬಣ್ಣಕ್ಕೆ. ವ್ಯಾಪಾರಸ್ಥರು ಚೀಲಕ್ಕೆ ಕೈ ಹಾಕಿ ಹಿಡಿ ಕಾಯಿ ತೆಗೆದು ಬೆಳಕಿಗೆ ಹಿಡಿಯುತ್ತಿದ್ದರು. ಅಪ್ಪ ನನಗೆ ಹೇಳುತ್ತಿದ್ದರು: "ಮ್ಯಾಲಿನ ಬಣ್ಣ ನೋಡಿ ಮರುಳಾಗಬ್ಯಾಡ. ಚೀಲದ ತಳದಾಗಿಂದು ತಗಿ, ಮುರಿ, ಒಳಗ ನೋಡು." ಕಾರಪುಡಿಗೆ ಬಣ್ಣ ಬೆರೆಸಿದ್ದಾರಾ ಅಂತ ಮನೆಯಲ್ಲೇ ನೋಡಬಹುದು, ಗೊತ್ತಲ್ವಾ? ಒಂದು ಲೋಟ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಬೇಕು. ಬೆರಕೆ ಬಣ್ಣವಿದ್ದರೆ ಎಳೆ ಎಳೆಯಾಗಿ ಕೆಳಗಿಳಿಯುತ್ತದೆ. ಬಣ್ಣ ಕಂಡರೆ ಸಾಲದು, ಅದು ಎಲ್ಲಿಂದ ಬಂತು ಅನ್ನುವುದೂ ತಿಳಿಯಬೇಕು.

ಇದನ್ನು ನಾನು ಲ್ಯಾಬಿನಲ್ಲಿ ಕಷ್ಟಪಟ್ಟು ಕಲಿತೆ. ಆಗಿನ್ನೂ ವಿದ್ಯಾರ್ಥಿನಿ. ಇಂಗಾಲದ ನ್ಯಾನೊ ನಳಿಕೆಗಳನ್ನು ಶ್ವಾಸಕೋಶದ ಕೋಶಗಳ ಮೇಲೆ ಹಾಕಿದ್ದೆ. ಯಂತ್ರದ ಪ್ರಕಾರ ಬಹಳಷ್ಟು ಕೋಶ ಸತ್ತಿದ್ದವು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ವರದಿ ಬರೆಯಲು ಕೂತಿದ್ದೆ. ಹಿರಿಯ ಮೇಡಂ ಒಬ್ಬರು ಬಂದು, "ಸೂಕ್ಷ್ಮದರ್ಶಕದಲ್ಲಿ ನೋಡಿದೆಯಾ?" ಎಂದರು. ನೋಡಿರಲಿಲ್ಲ. ಹೊಸ ತಟ್ಟೆ ಮಾಡಿ, ನೇರಳೆಯನ್ನು ಕರಗಿಸುವ ಮೊದಲೇ ನೋಡಿದೆ. ಕೋಶಗಳು ಚಪ್ಪಟೆಯಾಗಿ, ಚೆನ್ನಾಗಿ ಹರಡಿಕೊಂಡು ತಳಕ್ಕೆ ಅಂಟಿದ್ದವು. ಸಾಯುವ ಕೋಶ ಹಾಗಿರುವುದಿಲ್ಲ, ದುಂಡಗಾಗಿ ಕಿತ್ತುಬರುತ್ತದೆ. ಇನ್ನೂ ಸ್ವಲ್ಪ ಫೋಕಸ್ ಮಾಡಿದೆ. ನಳಿಕೆಗಳ ಕಪ್ಪು ಗಂಟುಗಳ ತುಂಬ ಸೂಜಿಯಂಥ ನೇರಳೆ ಹರಳುಗಳು ಸಿಕ್ಕಿಕೊಂಡಿದ್ದವು, ಕೂದಲಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡ ಹಾಗೆ.

ಕೋಶಗಳು ಬದುಕಿದ್ದವು, ನೇರಳೆಯನ್ನೂ ಮಾಡಿದ್ದವು. ನಳಿಕೆಗಳು ಅದನ್ನು ಹಿಡಿದುಕೊಂಡು ಕರಗಲು ಬಿಟ್ಟಿರಲಿಲ್ಲ. ಯಂತ್ರಕ್ಕೆ ಬಣ್ಣ ಕಡಿಮೆ ಕಂಡಿತ್ತು, ಅಷ್ಟೇ. ಜರ್ಮನಿಯ ಕಾರ್ಲ್ಸ್‌ರೂಯ ವಿಜ್ಞಾನಿಗಳು 2006ರಲ್ಲೇ ಇದನ್ನು ಪ್ರಕಟಿಸಿದ್ದರು. ನಾನು ಓದಿರಲಿಲ್ಲ. ಒಂದೇ ತಪ್ಪನ್ನು ಮೂರು ಸಲ ಮಾಡಿದರೆ ಮೂರು ಸಲವೂ ಒಂದೇ ಉತ್ತರ ಬರುತ್ತದೆ ಅನ್ನುವುದು ಆ ದಿನ ಮನಸ್ಸಿಗೆ ನಾಟಿತು.

ಇದಕ್ಕೆ ಉಲ್ಟಾ ಆಗುವುದೂ ಉಂಟು, ನನಗೆ ಜಾಸ್ತಿ ಭಯ ಅದರದ್ದೇ. ಗ್ರಾಫೀನ್ ಎಂಬ ಇಂಗಾಲದ ಹಾಳೆ ತಾನೇ ಹಳದಿಯನ್ನು ನೇರಳೆ ಮಾಡಬಲ್ಲದು. ಗುಳಿಯಲ್ಲಿ ಕೋಶವೇ ಇಲ್ಲದಿದ್ದರೂ ನೇರಳೆ ಬರುತ್ತದೆ. ಕೋಶಗಳು ಸತ್ತಿದ್ದರೂ ಯಂತ್ರ "ಬದುಕಿವೆ" ಎಂದು ತೋರಿಸುತ್ತದೆ. ಸುಳ್ಳು ಅಪಾಯದಿಂದ ಒಂದು ಒಳ್ಳೆಯ ವಸ್ತು ಕೈತಪ್ಪಬಹುದು. ಸುಳ್ಳು ಅಭಯದಿಂದ ಮನುಷ್ಯರಿಗೆ ಪೆಟ್ಟಾಗುತ್ತದೆ.

ಪರಿಹಾರ ದೊಡ್ಡದೇನಲ್ಲ. ಅದೇ ತಟ್ಟೆಯಲ್ಲಿ ಕೆಲವು ಗುಳಿಗಳಿಗೆ ಕೋಶ ಹಾಕದೆ ಬರೀ ಕಣ ಮತ್ತು ಬಣ್ಣ ಹಾಕಬೇಕು. ಅಲ್ಲಿ ನೇರಳೆ ಬಂದರೆ ಕಣವೇ ಮೋಸ ಮಾಡುತ್ತಿದೆ ಅಂತ ಅರ್ಥ. ಇನ್ನು ಕೆಲವಕ್ಕೆ ಬರೀ ಕೋಶ. ಇನ್ನು ಕೆಲವಕ್ಕೆ ಕೋಶವನ್ನು ಖಂಡಿತ ಕೊಲ್ಲುವ ರಾಸಾಯನಿಕ. ಅದು ಕೂಡ ಕೊಲ್ಲಲಿಲ್ಲ ಎಂದರೆ ಆ ದಿನದ ಪರೀಕ್ಷೆಯನ್ನೇ ಎಸೆಯಬೇಕು. ಇವುಗಳಿಗೆ ಕಂಟ್ರೋಲ್ ಎನ್ನುತ್ತೇವೆ. ಜೊತೆಗೆ ಬಣ್ಣವನ್ನೇ ನಂಬದ ಇನ್ನೊಂದು ದಾರಿಯಿಂದಲೂ ನೋಡಬೇಕು, ಕೊನೇಪಕ್ಷ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ.

ಇನ್ನೊಂದು ತೊಂದರೆ ಗಂಟಿನದ್ದು. ಝುಣಕ ಮಾಡುವಾಗ ಕಡಲೆಹಿಟ್ಟು ಗಂಟು ಕಟ್ಟುತ್ತದಲ್ವಾ? ನ್ಯಾನೊ ಕಣವೂ ಹಾಗೇ. ಕೋಶದ ದ್ರವಕ್ಕೆ ಬಿದ್ದ ಕೂಡಲೇ ಒಂದಕ್ಕೊಂದು ಅಂಟಿ ಮುದ್ದೆಯಾಗಬಹುದು. ಆಮೇಲೆ ನಾವು ಪರೀಕ್ಷೆ ಮಾಡುವುದು ನ್ಯಾನೊ ಕಣವನ್ನಲ್ಲ, ಮುದ್ದೆಯನ್ನು. ಭಾರದ ಮುದ್ದೆ ಬೇಗ ತಳಕ್ಕಿಳಿದು ಕೋಶದ ಮೇಲೆ ಕೂರುತ್ತದೆ, ಹಗುರ ಕಣ ಮೇಲೇ ತೇಲುತ್ತಿರುತ್ತದೆ. ಗುಳಿಗೆ ಸುರಿದ ಪ್ರಮಾಣ ಒಂದು, ಕೋಶಕ್ಕೆ ತಲುಪಿದ ಪ್ರಮಾಣ ಇನ್ನೊಂದು. ಹಾಗಾಗಿ ಕಣವನ್ನು ಹೇಗೆ ಕದಡಿದರು, ಎಷ್ಟು ಹೊತ್ತು ಕದಡಿದರು, ಆ ದ್ರವದಲ್ಲೇ ಅದರ ಗಾತ್ರ ಅಳೆದರಾ, ಎಲ್ಲವನ್ನೂ ಬರೆದಿಡಬೇಕು.

ಒಂದೇ ಕಣವನ್ನು ಬೇರೆ ಬೇರೆ ದೇಶದವರು ಪರೀಕ್ಷೆ ಮಾಡಿದರೆ ಒಂದೇ ಉತ್ತರ ಬರುತ್ತದಾ? ಐದು ಪ್ರಯೋಗಾಲಯಗಳು ಸೇರಿ ಇದನ್ನು ಮಾಡಿ ನೋಡಿ, 2017ರಲ್ಲಿ ಪ್ರಕಟಿಸಿದವು. ಸ್ವಿಟ್ಜರ್ಲೆಂಡ್, ಅಮೆರಿಕ, ಕೊರಿಯಾ, ಥಾಯ್ಲೆಂಡಿನ ಲ್ಯಾಬುಗಳು ಮತ್ತು ಯುರೋಪಿನ ಜಂಟಿ ಸಂಶೋಧನಾ ಕೇಂದ್ರ. ಒಂದೇ ಪ್ಲಾಸ್ಟಿಕ್ ನ್ಯಾನೊ ಕಣ, ಒಂದೇ ಜಾತಿಯ ಶ್ವಾಸಕೋಶದ ಕೋಶ, ಒಂದೇ ಬರೆದಿಟ್ಟ ವಿಧಾನ. ಕೋಶದ ದ್ರವದಲ್ಲಿ ಸೀರಂ, ಅಂದರೆ ರಕ್ತದ ತಿಳಿಭಾಗ, ಇಲ್ಲದಿದ್ದಾಗ ಲೀಟರಿಗೆ ಸುಮಾರು 22 ಮಿಲಿಗ್ರಾಂ ಕಣ ಸಾಕಾಯಿತು, ಬಣ್ಣ ಅರ್ಧಕ್ಕಿಳಿಯಲು. ಸೀರಂ ಇದ್ದಾಗ ಸುಮಾರು 53 ಬೇಕಾಯಿತು. ಎರಡು ಪಟ್ಟಿಗೂ ಜಾಸ್ತಿ! ಕಣ ಬದಲಾಗಿಲ್ಲ. ಸೀರಂನ ಪ್ರೋಟೀನುಗಳು ಕಣದ ಮೈಗೆ ಅಂಗಿಯಂತೆ ಹೊದ್ದುಕೊಳ್ಳುತ್ತವೆ, ಆಗ ಕೋಶ ಅದನ್ನು ಬೇರೆ ಥರ ನೋಡುತ್ತದೆ. "ಈ ಕಣ ಇಷ್ಟಕ್ಕೆ ವಿಷ" ಎಂದು ಒಂದೇ ಅಂಕಿ ಹೇಳಿ ಕೈತೊಳೆದುಕೊಂಡರೆ ಅರ್ಧ ಸತ್ಯ ಮುಚ್ಚಿಟ್ಟ ಹಾಗೆ.

ಆ ಐದು ಲ್ಯಾಬುಗಳ ಅಧ್ಯಯನದಲ್ಲಿ ನನಗೆ ಬಹಳ ಹಿಡಿಸಿದ್ದು ಕೈಯ ವಿಚಾರ. ದ್ರವ ಬದಲಿಸುವಾಗ ಪಿಪೆಟ್ಟನ್ನು, ಅಂದರೆ ದ್ರವ ಹೀರಿ ಬಿಡುವ ಕೊಳವೆಯನ್ನು, ಹೇಗೆ ಹಿಡಿಯುತ್ತೇವೆ, ಕೋಶವನ್ನು ಹೇಗೆ ನೋಡಿಕೊಳ್ಳುತ್ತೇವೆ, ಇವೂ ಉತ್ತರವನ್ನು ಅಲುಗಾಡಿಸುತ್ತವೆ. ಹೊಸಬರು ದ್ರವವನ್ನು ನೇರ ತಳಕ್ಕೆ ಬಿಡುತ್ತಾರೆ. ಕೋಶ ಎದ್ದು ಹೋಗುತ್ತದೆ, ಲೆಕ್ಕದಲ್ಲಿ ಅದು ಸತ್ತ ಹಾಗೆ. ಗುಳಿಯ ಗೋಡೆಗೆ ತಾಗಿಸಿ, ನಿಧಾನ ಬಿಡಬೇಕು. ಅಂಚಿನ ಗುಳಿಗಳದ್ದು ಬೇರೆಯೇ ಗೋಳು. ಪಡ್ಡಿನ ಹಂಚಿನಲ್ಲಿ ನಡುವಿನದಕ್ಕೂ ಅಂಚಿನದಕ್ಕೂ ಬೇಯುವುದರಲ್ಲಿ ವ್ಯತ್ಯಾಸ ಇರುತ್ತದಲ್ಲ, ಇಲ್ಲಿ ಅಂಚಿನವು ಬೇಗ ಆರುತ್ತವೆ. ನಾನಂತೂ ಅಂಚಿನ ಗುಳಿಗಳಿಗೆ ಬರೀ ದ್ರವ ತುಂಬಿ ಬಿಡುತ್ತೇನೆ. ತಟ್ಟೆಗೆ 36 ಗುಳಿ ಹೋಗುತ್ತವೆ, ಹೋಗಲಿ.

ಕೋಶ ನಿಜವಾಗಿ ಯಾವುದು ಅನ್ನುವುದನ್ನೂ ಖಚಿತ ಮಾಡಿಕೊಳ್ಳಬೇಕು. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯಿಂದ, ಅವರನ್ನು ಕೇಳದೆ ತೆಗೆದ ಹೀಲಾ ಕೋಶಗಳು ಎಷ್ಟು ಜೋರಾಗಿ ಬೆಳೆದವೆಂದರೆ, ಬೇರೆ ಕೋಶಗಳ ಸೀಸೆಗಳಿಗೂ ನುಗ್ಗಿ ಅವನ್ನು ನುಂಗಿಹಾಕಿದವು. ಹೊರಗೆ ಒಂದು ಹೆಸರಿನ ಚೀಟಿ, ಒಳಗೆ ಹೀಲಾ. ಈಗ ಡಿಎನ್ಎ ಗುರುತಿನಿಂದ ಇದನ್ನು ಪತ್ತೆ ಮಾಡಬಹುದು. ಮಾಡಿಸಲು ಹಣ ಬೇಕು, ಆದರೆ ಮಾಡಿಸಲೇಬೇಕು.

2018ರಲ್ಲಿ ಐಎಸ್ಒ 19007 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಎಂಟಿಟಿಯ ತಮ್ಮನಂತಿರುವ, ಹರಳು ಕಟ್ಟದ ಎಂಟಿಎಸ್ ಬಣ್ಣದಿಂದ ನ್ಯಾನೊ ಕಣಗಳನ್ನು ಪರೀಕ್ಷಿಸುವ ವಿಧಾನ ಅದರಲ್ಲಿದೆ. ನಮ್ಮ ದೇಶದಲ್ಲೂ ಕೃಷಿ ಮತ್ತು ಆಹಾರದ ನ್ಯಾನೊ ಪದಾರ್ಥಗಳ ಪರಿಶೀಲನೆಗೆ 2020ರಲ್ಲಿ ಮಾರ್ಗಸೂಚಿ ಬಂದಿದೆ. ಕಾಗದದ ಮೇಲೆ ದಾರಿ ಇದೆ. ಆದರೆ ಸಂಶೋಧನೆಗೆ ಕೂತ ಹುಡುಗ ಹುಡುಗಿಯರಿಗೆ ಸಮಯ ಕೊಡಬೇಕು. ಕಂಟ್ರೋಲಿಗೆ ಅರ್ಧ ತಟ್ಟೆ ಹೋಯಿತು ಅಂತ ಯಾರೂ ಬೈಯಬಾರದು. ಏನೂ ಆಗಲಿಲ್ಲ ಎಂಬ ಫಲಿತಾಂಶವನ್ನೂ ಪ್ರಕಟಿಸಲು ಬಿಡಬೇಕು. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಕಾಕಾನಿಗೆ ಆ ದಿನ ಇಷ್ಟೆಲ್ಲ ಹೇಳಲಾಗಲಿಲ್ಲ. "ಗುಳಿಯೊಳಗಿನ ಕೋಶ ಬೇರೆ, ನಿಮ್ಮ ಮೈ ಬೇರೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಕೈಗೆ ಗವಸು ಹಾಕಿಕೊಳ್ಳಿ, ಗಾಳಿಗೆ ಬೆನ್ನು ಮಾಡಿ ಹೊಡೀರಿ" ಎಂದೆ. ಅವರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮೂಗಿಗೆ ಕಟ್ಟಿಕೊಂಡರು. ಪಂಪು ಹೆಗಲಿಗೇರಿಸಿ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಒಂದು ಗಳಿಗೆ ನಿಂತು ನೋಡಿ, ಹೊಲದ ಆ ತುದಿಯಿಂದ ಶುರು ಮಾಡಿದರು.

ನಮಸ್ಕಾರ.