ಉಗ್ರಾಣದೊಳಗೆ ಎದ್ದ ಮನೆಗಳು

ಸಭೆಗೆ ನಮಸ್ಕಾರ.

ಹಳೆಯ ಕಟ್ಟಡವನ್ನು ಉಳಿಸುವುದೆಂದರೆ ಅದನ್ನು ಮೂಲರೂಪಕ್ಕೆ ಮರಳಿಸುವುದೆಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಇನ್ನೂ ಗಟ್ಟಿಯಾಗಿದೆ. ನಾನು ಅದನ್ನು ಒಪ್ಪಲಾರೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಬೈಬರಿ ಹಳ್ಳಿಯಲ್ಲಿರುವ ಆರ್ಲಿಂಗ್ಟನ್ ರೋ ಎಂಬ ಮನೆಸಾಲನ್ನು ಇಂದಿನ ಮಾತಿಗೆ ಆರಿಸಿಕೊಂಡದ್ದೂ ಅದಕ್ಕಾಗಿಯೇ.

ಈ ಸಾಲಿನ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಆದರೆ ಇದು ಮನೆಗಳಾಗಿ ಹುಟ್ಟಿದ್ದಲ್ಲ. 1380ರ ಸುಮಾರಿಗೆ ಕಟ್ಟಿದಾಗ ಇದು ಕ್ರೈಸ್ತ ಮಠವೊಂದರ ಉಣ್ಣೆಯ ಉಗ್ರಾಣವಾಗಿತ್ತು. ಉಣ್ಣೆಗೆ ಒಲೆಯೂ ಬೇಡ, ಮಲಗುವ ಕೋಣೆಯೂ ಬೇಡ. ಒದ್ದೆಯಾಗದಂತೆ ಕಾಯುವ ಗೋಡೆ, ಚಾವಣಿಗಳಿದ್ದರೆ ಸಾಕು. 17ನೆಯ ಶತಮಾನದಲ್ಲಿ ಅಲ್ಲಿ ನೇಕಾರರ ಸಂಸಾರಗಳನ್ನು ಇರಿಸಬೇಕಾಗಿ ಬಂದಾಗ, ಉದ್ದನೆಯ ಆ ಒಂದೇ ಒಳಾಂಗಣವನ್ನು ಅಡ್ಡಗೋಡೆಗಳಿಂದ ಪಾಲು ಮಾಡಿ, ಮೇಲೆ ಅಟ್ಟ ಹಾಕಿ, ಒಲೆಗಳಿಗೆ ಹೊಗೆಗೊಳವೆ ಏರಿಸಿ, ಅಟ್ಟಕ್ಕೆ ಬೆಳಕು ಬರಲೆಂದು ಚಾವಣಿಯನ್ನು ಸೀಳಿ ಕಿಟಕಿಗಳನ್ನು ಎಬ್ಬಿಸಬೇಕಾಯಿತು. ಇಂದು ನಮ್ಮ ಕಣ್ಣನ್ನು ಸೆಳೆಯುವ ಮೊನಚು ಮಾಡುಗಳೂ ಹೊಗೆಗೂಡುಗಳೂ ಉಗ್ರಾಣದವಲ್ಲ, ಮನೆಯವು. ಮೂಲರೂಪವೇ ಬೇಕೆಂದು ಹಟ ಹಿಡಿದರೆ ಮೊದಲು ಕೆಡವಬೇಕಾದದ್ದು ಅವನ್ನೇ!

ಇಲ್ಲಿ ಹೆನ್ರಿ ಫೋರ್ಡ್ ಅವರ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಈ ಇಡೀ ಸಾಲನ್ನೇ ಕೊಂಡು ಅಮೆರಿಕಕ್ಕೆ ಒಯ್ಯಲು ಅವರು ಬಯಸಿದ್ದರೆಂಬ ಮಾತು ಅಲ್ಲಿ ಪ್ರಚಲಿತವಾಗಿದೆ. ಅದು ದಂತಕಥೆಯೇ ಇರಬಹುದು. ಆದರೆ ಸಮೀಪದ ಚೆಡ್‌ವರ್ತ್ ಹಳ್ಳಿಯ 17ನೆಯ ಶತಮಾನದ ಕಲ್ಲುಮನೆಯೊಂದನ್ನು ಅವರು ಕೊಂಡು, ಬಿಚ್ಚಿಸಿ, ಕಲ್ಲುಗಳಿಗೆ ಸಂಖ್ಯೆ ಹಾಕಿಸಿ, ಹಡಗಿನಲ್ಲಿ ಸಾಗಿಸಿ, 1930ರ ಹೊತ್ತಿಗೆ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಮತ್ತೆ ಕಟ್ಟಿಸಿದ್ದು ನಿಜ. ಆ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೂ ಆರ್ಲಿಂಗ್ಟನ್ ರೋವನ್ನು ಹಾಗೆ ಕಿತ್ತೊಯ್ದಿದ್ದರೆ, ಮುಂದಿನ ರ‍್ಯಾಕ್ ಐಲ್ ಎಂಬ ಜೌಗು ಹುಲ್ಲುಗಾವಲೂ ಕೋಲ್ನ್ ನದಿಯೂ ಹಿಂದೆಯೇ ಉಳಿದುಬಿಡುತ್ತಿದ್ದವು. ಇಲ್ಲಿ ನೇಯ್ದ ಬಟ್ಟೆ ಆರ್ಲಿಂಗ್ಟನ್ ಗಿರಣಿಗೆ ಹೋಗುತ್ತಿತ್ತು. ಆ ಹುಲ್ಲುಗಾವಲಿನ ಚೌಕಟ್ಟುಗಳ ಮೇಲೆ ಒಣಗುತ್ತಿತ್ತು. ಉಗ್ರಾಣ ನೇಕಾರರ ಮನೆಯಾದದ್ದೇಕೆ ಎಂಬುದಕ್ಕೆ ಅರ್ಧ ಉತ್ತರ ಗೋಡೆಯ ಹೊರಗಿದೆ.

ಬೈಬರಿಯನ್ನು ಇಂಗ್ಲೆಂಡಿನ ಅತಿ ಸುಂದರ ಗ್ರಾಮವೆಂದು ಕೊಂಡಾಡಿದ ಇಂಗ್ಲಿಷ್ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಅವರೇ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದರು. ನಂತರದವರು ಸೇರಿಸಿದ್ದನ್ನೆಲ್ಲ ಕೆರೆದು ತೆಗೆಯುವ ಜೀರ್ಣೋದ್ಧಾರವನ್ನು ಆ ಸಂಘ ವಿರೋಧಿಸಿತು. ನನ್ನ ವಾದದ ಬೇರು ಇರುವುದು ಅಲ್ಲಿ: 1380ರ ಬಡಗಿಗೆ ಸಲ್ಲುವ ಮರ್ಯಾದೆ, ಅಟ್ಟ ಹಾಕಿದ ಬಡಗಿಗೂ ಸಲ್ಲಬೇಕು.

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಚಾವಣಿಯ ಬಗ್ಗೆ ಒಂದೇ ಮಾತು: ಆ ಸೀಮೆಯ ಪದ್ಧತಿಯಂತೆ ಸೂರಿನ ಬಳಿ ದೊಡ್ಡ ಕಲ್ಲುಹಂಚು, ಮೇಲೇರಿದಂತೆ ಚಿಕ್ಕವು, ದುರಸ್ತಿಯಲ್ಲೂ ಈ ಕ್ರಮ ತಪ್ಪಬಾರದು. ಸಾಲನ್ನು 1929ರಲ್ಲಿ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಕೊಂಡು ಉಳಿಸಿತು; 1949ರಿಂದ ಅದು ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ. ಅಲ್ಲಿ ಈಗಲೂ ಜನ ಬಾಡಿಗೆಗೆ ವಾಸವಾಗಿದ್ದಾರೆ. ಅಡ್ಡಗೋಡೆಗಳ ವಿಚಾರವನ್ನು ಪ್ರಶ್ನೋತ್ತರದಲ್ಲಿ ಕೇಳಿದರೆ ವಿವರವಾಗಿ ಹೇಳುತ್ತೇನೆ.